ನಾಲ್ಕನೆಯ ಪ್ರಕರಣ

"ಸ್ವಲ್ಪ ಗಲ್ಲ ಎತ್ತಿ ಹಿಡ್ಕೊಳ್ಳಿ ಮೇಡಂ," ಎಂದ ಕ್ಷೌರಿಕ. ಸಮಾಜಶಾಸ್ತ್ರದ ಅಧ್ಯಾಪಕಿ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು, ಆ ತಣ್ಣನೆಯ ಗಲ್ಲಕ್ಕೆ ಬೆರಳು ಕೊಟ್ಟಳು. ಕತ್ತಿ ಹೆಣದ ಕೆನ್ನೆಯ ಮೇಲೆ ಕರಕರನೆ ಸರಿಯಿತು.

"ಜೈಲಿಂದ ಬಂದೋನು ಅಂತ ಮೊದಮೊದಲು ಎಲ್ರಿಗೂ ಭಯ. ಆಮೇಲೆ ಕೀಲಿ ಕಳೆದ್ರೆ ಈ ಕೀಲಿಯಣ್ಣನೇ ಬೇಕು! ನಾನು ಒಂದು ಸಲ ಸೀನೋದ್ರೊಳಗೆ ನನ್ನಂಗಡಿ ಬೀಗ ತೆಗೆದುಕೊಟ್ಟಿದ್ದ," ಎಂದು ಕ್ಷೌರಿಕ ನಕ್ಕ.

ಗೋಡೆಗೊರಗಿದ್ದ, ಸತ್ತವನ ತಾಯಿ ನಗಲಿಲ್ಲ. ಬಟ್ಟೆಯಲ್ಲಿ ಸುತ್ತಿಟ್ಟ ಪುಸ್ತಕವೊಂದನ್ನು ಪೆಟ್ಟಿಗೆಯಿಂದ ತೆಗೆದಳು.

"ನೀನೇ ಬರೆದದ್ದಂತಲ್ಲವ್ವ, ಇವನ ವಿಷಯ. ಓದೋ ಅಂದ್ರೆ ನಾಳೆ, ನಾಳೆ ಅಂತಿದ್ದ. ನನಗೆ ಅಕ್ಷರ ಬರಲ್ಲ. ಮಣ್ಣು ಮಾಡೋ ಮುಂಚೆ ಒಂದ್ಸಲ ಓದಿಬಿಡು, ತಾಯಿ."

ಅಧ್ಯಾಪಕಿ ಪುಸ್ತಕವನ್ನು ಕೈಗೆ ತೆಗೆದುಕೊಂಡಳು: ಕೈದಿಗಳ ಕುರಿತು ಅವಳೇ ಬರೆದ ಸಂಶೋಧನಾ ಪ್ರಬಂಧ.

* * *

ಹದಿನೈದು ವರ್ಷಗಳ ಹಿಂದೆ, ಜೈಲಿನ ಭೇಟಿಯ ಕೋಣೆಯಲ್ಲಿ, ಅವಳಿನ್ನೂ ವಿದ್ಯಾರ್ಥಿನಿ. ಪ್ರಶ್ನಾವಳಿಯ ನಾಲ್ಕನೆಯ ಕೈದಿ ಈತ.

"ಅಮ್ಮ ಆಸ್ಪತ್ರೇಲಿ ಎರಡು ಪಾಳಿ ನೆಲ ಒರೆಸ್ತಿದ್ಲು. ಬೀದಿ ಪಾಲಾಗಬಾರದು ಅಂತ ನನ್ನ ಒಳಗಿಟ್ಟು ಬೀಗ ಹಾಕ್ಕೊಂಡು ಹೋಗೋಳು. ಬೀಗ ತೆಗೆಯೋದು ಕಲಿತದ್ದೇ ಅಲ್ಲಿ!" ಎಂದು ನಕ್ಕಿದ್ದ. ಮರುಕ್ಷಣವೇ ದನಿ ತಗ್ಗಿಸಿದ್ದ: "ಇದು ಅವಳ ಕಿವಿಗೆ ಬೀಳೋದು ಬೇಡ ಮೇಡಂ. ನೊಂದ್ಕೋತಾಳೆ."

ಅವಳು ತಲೆಯಾಡಿಸಿದ್ದಳು. ಮನೆಗೆ ಹೋಗಿ, 'ಈತನ ಅಪರಾಧದ ಮೂಲ ತಾಯಿಯ ನಿರ್ಲಕ್ಷ್ಯ' ಎಂದು ಬರೆದಿದ್ದಳು. ಮಾರ್ಗದರ್ಶಕರು ಆ ಸಾಲಿಗೇ ಬೆನ್ನು ತಟ್ಟಿದ್ದರು.

* * *

ಆ ಸಾಲನ್ನು ಹಾರಿಸಿ ಓದುವುದೆಂದು ನಿಶ್ಚಯಿಸಿಕೊಂಡು ಅಧ್ಯಾಪಕಿ ಪುಟ ತಿರುವಿದಳು. ಹಾರಿಸಬೇಕಾದುದೇನೂ ಉಳಿದಿರಲಿಲ್ಲ. ಯಾರೋ ಆ ಸಾಲಿನ ಮೇಲೆ ಪೆನ್ನಿನಿಂದ ಗೀಚಿ, ಮತ್ತೆ ಗೀಚಿದ್ದರಿಂದ ಕಾಗದವೇ ಹರಿದು ತೂತಾಗಿತ್ತು.

"ಹೊರಗೆ ಗಾಡಿ ಬಂತು," ಎಂದ ಕ್ಷೌರಿಕ, ಕತ್ತಿ ಒರೆಸುತ್ತ.

"ತಡಿಯಪ್ಪ," ಎಂದಳು ತಾಯಿ. "ನನ್ನ ವಿಷಯಾನೂ ಬರೆದಿದೀಯೇನವ್ವ?"

ಅಧ್ಯಾಪಕಿ ಆ ಹಾಳೆಯೊಂದನ್ನೇ ಎತ್ತಿ ಹಿಡಿದಳು. ಕೈಯಲ್ಲಿ ಹಾಳೆ ನಡುಗುವುದನ್ನು ಕಂಡು, ಮುದುಕಿ ಹತ್ತಿರ ಸರಿದು ಹಾಳೆಯ ಹಿಂದೆ ಅಂಗೈಯಿಟ್ಟು ಅದನ್ನು ಅಲುಗದಂತೆ ಹಿಡಿದಳು.

"ಈಗ ಓದು."

ಅಕ್ಷರಗಳಿದ್ದ ಜಾಗದಲ್ಲಿ, ಹರಿದ ಕಾಗದದ ನಡುವಿನಿಂದ, ನೆಲ ಒರೆಸಿ ಒರೆಸಿ ಗೆರೆಗಳೆಲ್ಲ ಸವೆದ ಒಂದು ಬೆರಳತುದಿ ಹೊರಗೆ ಬಂದು ನಿಂತಿತ್ತು.