ಟೇಲರ್ ಮಾವನ ಉಹೂಂ

ಮೌನಂ ಗುಂಡುಸೂಜಿ ಲಕ್ಷಣಂ!

ಗಾದೆ ಹಾಗಲ್ಲ ಎಂದು ಯಾರೂ ನನ್ನ ಕಿವಿ ಹಿಂಡಬೇಡಿ. "ಮೌನಂ ಸಮ್ಮತಿ ಲಕ್ಷಣಂ" ಅನ್ನುವುದು ನನಗೂ ಗೊತ್ತು. ಆದರೆ ಆ ಗಾದೆ ನಮ್ಮ ಬೀದಿಯಲ್ಲಿ ಒಂದು ಮಧ್ಯಾಹ್ನ ಪರ್ರನೆ ಹರಿದುಹೋಯಿತು. ಹರಿದದ್ದನ್ನು ನಾನು ಹೀಗೆ ಹೊಲಿದಿದ್ದೇನೆ, ಅಷ್ಟೆ. ಸುಳ್ಳಿನ ಒಂದೆಳೆಯೂ ಇಲ್ಲದ ನಿಜದ ಕಥೆ ಇದು, ಕೇಳಿ.

ಟೇಲರ್ ಮಾವ ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಕೆಲಸಕ್ಕೆ ನಿಂತರೆ ಐದಾರು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡಿರುತ್ತಾರೆ. ಆಗ ಅವರದು ಎರಡೇ ಮಾತು. ಬೇಕಾದರೆ "ಹೂಂ", ಬೇಡವಾದರೆ "ಉಹೂಂ". ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳು ಅವರ ಅಕ್ಕನ ಮಗಳು. ಇಪ್ಪತ್ತೆರಡು ವರ್ಷ. ಅಂಗಡಿಯ ಹಿಂದಿನ ಮನೆಯಲ್ಲೇ ಈ ಮಾವ ಮತ್ತು ಅವರ ಹೆಂಡತಿ, ಅಂದರೆ ಅವಳ ಅತ್ತೆಯ ಜೊತೆ ಇರುತ್ತಾಳೆ. ಅವಳು ಬಾಯಿ ತೆರೆದರೆ ಬಂದ ಗಿರಾಕಿ ನಗದೆ ಹೋಗುವಂತಿಲ್ಲ.

ಅಂಥವಳು ನಾಲ್ಕು ದಿನದಿಂದ ಕೋಣೆ ಬಿಟ್ಟು ಹೊರಬಂದಿರಲಿಲ್ಲ.

ದಾರ, ಗುಂಡಿ ತಂದುಕೊಡುವ ಏಜೆಂಟ್ ಅಂಗಡಿಯ ಒಳಕೋಣೆಯಲ್ಲಿ ಬಾಗಿಲಿಗೆ ಅಡ್ಡ ನಿಂತು, ಅವಳನ್ನು ಹಿಡಿದು, ಮುಟ್ಟಬಾರದ ಕಡೆ ಮುಟ್ಟಿದ್ದ. ಅವಳಿಗೆ ಕೂಗಲು ಆಗಲಿಲ್ಲ. ಕೈಕಾಲು ಮರಗಟ್ಟಿದ್ದವು. ಆಮೇಲೆ ಅತ್ತೆಗೆ ಎಲ್ಲ ಹೇಳಿದಳು, ಠಾಣೆಗೆ ದೂರು ಕೊಡಬೇಕೆಂದೂ ಹೇಳಿದಳು. ಅವಳು ನಡುಗುತ್ತ ಹೊರಬಂದದ್ದನ್ನೂ, ಏಜೆಂಟ್ ಅಂಗಿ ಸರಿಮಾಡಿಕೊಳ್ಳುತ್ತ ಹಿಂದೆಯೇ ಬಂದದ್ದನ್ನೂ ಕಂಡವರು ಒಬ್ಬರೇ, ಟೇಲರ್ ಮಾವ. ಅವರು ಜೊತೆಗೆ ಹೋಗಿ ಕಂಡದ್ದನ್ನು ಹೇಳಬೇಕಿತ್ತು. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅವರ ನಾದಿನಿ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಹೆಂಡತಿಯ ತಂಗಿ ಎಂದಮೇಲೆ ಭಾವನ ಕಾಲೆಳೆಯುವುದು ಇದ್ದದ್ದೇ. ಜೊತೆಗೆ ಯಾರ ದನಿಯನ್ನು ಕೇಳಿದರೂ ಅದನ್ನು ಹಾಗೇ ಒಪ್ಪಿಸುವ ಗಂಟಲು ಬೇರೆ.

"ಭಾವ, ಮಗು ಊಟ ಬಿಟ್ಟಿದ್ದಾಳಂತೆ. ಠಾಣೆಗೆ ಯಾವಾಗ ಹೋಗ್ತೀರಿ?"

"ನೀನೊಬ್ಬಳು ಬಾಕಿ ಇದ್ದೆ ನೋಡು. ಅಲ್ಲ ಕಣೇ, ಅವಳು ಕೂಗಲಿಲ್ಲ ಯಾಕೆ? ಬಾಗಿಲ ಈಚೆ ನಾನೇ ಇದ್ದೆ! ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರು ಸುಮ್ಮನೆ ಹೇಳಿದ್ರಾ?"

"ಆಮೇಲೆ?"

"ಆಮೇಲೇನು, ಅವನು ಬಂದಾಗೆಲ್ಲ ನಗ್ತಾ ಮಾತಾಡ್ತಿದ್ಲು. ಒಳಗೆ ಒಬ್ಬಳೇ ಯಾಕೆ ಹೋಗಬೇಕಿತ್ತು? ನಾಳೆ ಜನ ಆಡ್ಕೊಳ್ಳೋದು ಇವಳನ್ನೇ. ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಇಷ್ಟು ಹೇಳಿ ಮಾವ ಗುಂಡುಸೂಜಿ ಕಚ್ಚಿಕೊಂಡು, ಬೊಂಬೆಗೆ ತೊಡಿಸಿದ್ದ ಕೋಟಿನ ಕಾಲರ್ ಹಿಡಿದರು. ಮಾತು ಮುಗಿಯಿತು ಅನ್ನುವುದಕ್ಕೆ ಅದೇ ಗುರುತು.

ನರ್ಸಮ್ಮ ವಾದ ಮಾಡಲಿಲ್ಲ. ನೇರ ಬೀರುವಿನ ಹತ್ತಿರ ಹೋದಳು. ಮಾವ ತಮ್ಮದೇ ಕೋಟಿಗೆಂದು ಮೂರು ವರ್ಷದಿಂದ ಕಾದಿಟ್ಟ ನೀಲಿ ಉಣ್ಣೆಬಟ್ಟೆ ಅಲ್ಲಿತ್ತು. ಹೆಂಡತಿಗೂ ಮುಟ್ಟಗೊಡದ ಬಟ್ಟೆ.

"ಭಾವ, ಇದರಲ್ಲಿ ನನಗೊಂದು ಕೈಚೀಲ ಮಾಡ್ಕೊಳ್ಳಲಾ?"

"ಉಹೂಂ! ಉಹೂಂ!"

"ಹೂಂ ಅಂದ್ರಾ? ಥ್ಯಾಂಕ್ಸ್ ಭಾವ!"

ಬಟ್ಟೆ ಎತ್ತಿಕೊಂಡು ಬೆನ್ನು ತಿರುಗಿಸಿ ಮೇಜಿನ ಮುಂದೆ ನಿಂತಳು. ಕತ್ತರಿಯ ಸದ್ದು ಕೇಳಿತು. ಕಚಕ್, ಕಚಕ್.

ಮಾವ ಸೂಜಿಗಳನ್ನು ಉಗುಳಿದರು. "ಏಯ್! ಬೇಡ ಅಂದೆನಲ್ಲೇ!"

ನರ್ಸಮ್ಮನ ಗಂಟಲಿನಿಂದ ಥೇಟ್ ಮಾವನ ದನಿಯೇ ಹೊರಟಿತು. "ಅಲ್ಲ ಕಣಪ್ಪಾ, ಕೂಗಲಿಲ್ಲ ಯಾಕೆ?"

"ಬಾಯಲ್ಲಿ ಸೂಜಿ ಇತ್ತು ಕಣೇ! ಹೇಗೆ ಕೂಗ್ಲಿ?"

"ನಾನು ಬಂದಾಗೆಲ್ಲ ನೀನು ನಗ್ತಾ ಮಾತಾಡ್ತಿದ್ದೆ!"

"ನಗ್ತಾ ಮಾತಾಡಿದ್ರೆ ಬಟ್ಟೆ ಕೊಟ್ಟ ಹಾಗಾ?"

"ಇಷ್ಟು ಚಂದದ ಬಟ್ಟೇನ ಬೀರುವಲ್ಲಿ ಒಂದನ್ನೇ ಯಾಕೆ ಇಡಬೇಕಿತ್ತು?"

"ನನ್ನ ಅಂಗಡಿ, ನನ್ನ ಬೀರು! ಕತ್ತರಿ ಹಾಕಿದವಳು ನೀನು, ತಪ್ಪು ನನ್ನ..."

ಮಾತು ಅಲ್ಲೇ ನಿಂತಿತು. ಈ ಸಲ ಬಾಯಲ್ಲಿ ಸೂಜಿ ಇರಲಿಲ್ಲ.

ನರ್ಸಮ್ಮ ತನ್ನ ದನಿಗೆ ಮರಳಿದಳು. "ಭಯಕ್ಕೆ ಮೈ ಮರಗಟ್ಟೋದನ್ನ ಆಸ್ಪತ್ರೆಯಲ್ಲಿ ಎಷ್ಟೋ ಸಲ ನೋಡಿದ್ದೀನಿ ಭಾವ. ಗಟ್ಟಿಮುಟ್ಟಾದ ಗಂಡಸರಿಗೂ ಹಾಗಾಗತ್ತೆ. ಅದು ಒಪ್ಪಿಗೆ ಅಲ್ಲ. ನಿಮ್ಮದಾದ್ರೂ ಬರೀ ಬಟ್ಟೆ, ಇನ್ನೊಂದು ತರಬಹುದು. ಅವಳದು ಮೈ."

ಮಾವ ಸ್ಟೂಲಿನ ಮೇಲೆ ಕುಸಿದು, ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತತೊಡಗಿದರು.

"ಹೋದ ವರ್ಷದ ಅಳತೆ ಬರೆದಿಟ್ಟಿದ್ರೂ ನಾನು ಪ್ರತಿ ಸಲ ಹೊಸದಾಗಿ ಅಳತೆ ತಗೋತೀನಿ. ಟೇಪು ಚಾಚೋಕೆ ಮುಂಚೆ 'ತಗೊಳ್ಳಲಾ' ಅಂತ ಕೇಳ್ತೀನಿ. ಒಂದು ಅಂಗಿಗೆ ಇಷ್ಟು ಕೇಳ್ತೀನಿ ಕಣೇ ನಾನು! ಕೇಳಬೇಕಾದ ಆ ಅಯೋಗ್ಯ ಕೇಳಲಿಲ್ಲ. ಕೇಳಬಾರದ್ದನ್ನೆಲ್ಲ ನಾನು ಮಗೂನ ಕೇಳಿದೆ."

ಎದ್ದು ಹಿಂದಿನ ಮನೆಗೆ ಹೋದರು. ಕೋಣೆಯ ಬಾಗಿಲು ಮುಚ್ಚಿತ್ತು.

"ಒಳಗೆ ಬರ್ಲಾ ಮಗಳೇ?"

ಒಳಗಿನಿಂದ ಸದ್ದಿಲ್ಲ. ಬೇರೆ ದಿನವಾಗಿದ್ದರೆ ತಳ್ಳಿಕೊಂಡು ಹೋಗುತ್ತಿದ್ದರು. ಈಗ ಹೊಸ್ತಿಲಿನ ಈಚೆಯೇ ನೆಲಕ್ಕೆ ಕೂತರು.

"ತಪ್ಪು ನಿಂದಲ್ಲಮ್ಮ. ನಿನ್ನ ನಂಬದೇ ಇದ್ದದ್ದು ನನ್ನ ತಪ್ಪು. ನಾನು ಕಂಡದ್ದನ್ನ ಯಾರೆದುರು ಬೇಕಾದ್ರೂ ಹೇಳ್ತೀನಿ. ಹೋಗೋದು ಬಿಡೋದು ನಿನ್ನಿಷ್ಟ."

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

"ಬನ್ನಿ ಮಾವ. ಈಗ್ಲೇ ಹೋಗೋಣ."

ಐದು ದಿನ ತಡವಾಯಿತಲ್ಲ ಎಂದು ದಾರಿಯುದ್ದಕ್ಕೂ ಮಾವನಿಗೇ ಪುಕುಪುಕು. ತಡವಾದರೂ ದೂರು ದೂರೇ ಎಂದು ಧೈರ್ಯ ಹೇಳಿದ ಠಾಣೆಯ ಅಧಿಕಾರಿಣಿ, ಹುಡುಗಿ ಹೇಳಿದ್ದನ್ನೂ ಮಾವ ಕಂಡದ್ದನ್ನೂ ಬರೆದುಕೊಂಡರು. ಹುಡುಗಿ ಹೊರಬಂದು ಉದ್ದಕ್ಕೆ ಉಸಿರು ಬಿಟ್ಟಳು. "ಮಾವ, ಎದೆ ಮೇಲಿಂದ ಇಸ್ತ್ರಿಪೆಟ್ಟಿಗೆ ಇಳಿಸಿದ ಹಾಗಾಯ್ತು." ಏಜೆಂಟ್‌ನನ್ನು ಮರುದಿನವೇ ವಿಚಾರಣೆಗೆ ಕರೆದರು. ಅವಳು ಮರುದಿನವೇ ಕಾಜಾ ಹೊಲಿಯಲು ಕೂತಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಬಂದು ಹೇಳಿಕೊಂಡರೆ "ಯಾಕೆ ಹೋದೆ, ಯಾಕೆ ಕೂಗಲಿಲ್ಲ" ಎಂಬ ಸೂಜಿಗಳನ್ನು ಚುಚ್ಚಬೇಡಿ. "ನಂಬುತ್ತೇನೆ, ಜೊತೆಗಿರುತ್ತೇನೆ" ಅನ್ನಿ. ಆಸ್ಪತ್ರೆಗೋ ಠಾಣೆಗೋ ಅವರು ಹೋಗುವೆನೆಂದರೆ ಜೊತೆಗೆ ಹೋಗಿ. ಇನ್ನು, ಮುಟ್ಟುವ ಮುಂಚೆ ಕೇಳಬೇಕು. ಅದು ಗಂಡ ಹೆಂಡತಿಯ ನಡುವೆಯೂ ಸರಿಯೇ. ಮನಸಾರೆ ಹೇಳಿದ ಹೂಂ ಮಾತ್ರ ಹೂಂ. ಹೆದರಿಸಿ ಹೇಳಿಸಿದ ಹೂಂ, ನಿನ್ನೆಯ ಹೂಂ, ನಗುವಿನಲ್ಲಿ ನೀವೇ ಓದಿಕೊಂಡ ಹೂಂ, ಯಾವುದೂ ಲೆಕ್ಕಕ್ಕಿಲ್ಲ. ಉಹೂಂನ ಆ ಪುಟ್ಟ 'ಉ'ವನ್ನು ದಯವಿಟ್ಟು ನುಂಗಬೇಡಿ.

ನೀಲಿ ಬಟ್ಟೆ ಏನಾಯಿತು ಅಂತೀರಾ? ಅದು ಹೋಯಿತೆಂದೇ ಮಾವ ಮನಸ್ಸಿನಲ್ಲಿ ಎಳ್ಳುನೀರು ಬಿಟ್ಟಿದ್ದರು. ಹುಡುಗಿ ಕೆಲಸಕ್ಕೆ ಮರಳಿದ ದಿನ ನರ್ಸಮ್ಮ ಬಟ್ಟೆಯನ್ನು ತಂದು ಮೇಜಿನ ಮೇಲೆ ಬಿಡಿಸಿದಳು. ಒಂದು ನೂಲೂ ಕತ್ತರಿಸಿರಲಿಲ್ಲ. ಮಡಿಕೆಯಿಂದ ಉದುರಿದ್ದು ಅಂದು ಕತ್ತರಿಗೆ ಸಿಕ್ಕಿದ್ದ ಹಳೆಯ ಪತ್ರಿಕೆಯ ಚೂರುಗಳು.

ಮಾವ ಬಟ್ಟೆ ನೋಡಿದರು, ಚೂರು ನೋಡಿದರು, ನಾದಿನಿಯನ್ನು ನೋಡಿದರು. ಬಾಯಲ್ಲಿ ಸೂಜಿ, ಮಾತು ಬರಲೊಲ್ಲದು.

"ಏಯ್! ಬೇಡ ಅಂದೆನಲ್ಲೇ!" ಅಂದಿತು ಮಾವನ ದನಿ. ಹೇಳಿದವಳು ನರ್ಸಮ್ಮ ಅಲ್ಲ, ಅಂದು ಗೋಡೆಯಾಚೆ ಎಲ್ಲ ಕೇಳಿಸಿಕೊಂಡಿದ್ದ ಅಕ್ಕನ ಮಗಳು! ಐದು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ತಮಾಷೆ. ನರ್ಸಮ್ಮ ನಕ್ಕಳು, ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಅವರೆಲ್ಲರಿಗಿಂತ ಜೋರಾಗಿ, ಗುಂಡುಸೂಜಿಗಳೆಲ್ಲ ಚೆಲ್ಲಾಪಿಲ್ಲಿಯಾಗುವಂತೆ ನಕ್ಕವರು ಟೇಲರ್ ಮಾವ.