ಹತ್ತು ಉಗುರಿಗೆ ಹಳದಿ ಹೂ

ಅಮ್ಮನ ಬಲಗೈಯನ್ನು ಮಡಚಿದ ಟವೆಲಿನ ಮೇಲಿಟ್ಟುಕೊಂಡು ಲುವಾ ಅರದಿಂದ ಉಗುರು ಉಜ್ಜುತ್ತಿದ್ದಳು. ಅರ ಉಗುರಿಗೆ ತಾಗುವ ಸಣ್ಣ ಸದ್ದು, ಅದರ ಹಿಂದೆ ಅಮ್ಮನ ಉಸಿರಿನ ಸದ್ದು. ಹೊಸ ವರ್ಷದ ತೇತ್ ಹಬ್ಬಕ್ಕೆ ಎರಡೇ ದಿನ. ಬೆಳಗಿನಿಂದ ಆರು ಹೆಂಗಸರು ಇದೇ ಗಿಡ್ಡ ಮೇಜಿನೆದುರು ಕೂತು, ಕೆಂಪು ಬಣ್ಣದ ಮೇಲೆ ಹಳದಿ ಮಾಯ್ ಹೂ ಬರೆಸಿಕೊಂಡು ಹೋಗಿದ್ದರು. ಕೊನೆಯ ಸರದಿ ಅಮ್ಮನದು.

ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಲುವಾ ಓದಿದ್ದೆಲ್ಲ ಉಗುರುಗಳನ್ನೇ. ಯಾರು ದಿನವಿಡೀ ಮೀನು ಹೆಚ್ಚುತ್ತಾರೆ, ಯಾರು ಒಳಗೊಳಗೇ ಕೊರಗಿ ಉಗುರು ಕಚ್ಚುತ್ತಾರೆ, ಮುಖ ನೋಡದೆಯೇ ಅವಳಿಗೆ ತಿಳಿಯುತ್ತಿತ್ತು. ಅಮ್ಮನ ಉಗುರುಗಳು ನೀಲಿಗಟ್ಟಿದ್ದವು. ಬೆರಳ ತುದಿಗಳು ಊದಿ, ಡೋಲು ಬಾರಿಸುವ ಕೋಲಿನ ತುದಿಯ ಹಾಗೆ ದುಂಡಗಾಗಿದ್ದವು.

"ಅಮ್ಮ, ಇದು ಚಳಿಗೆ ಆಗಿದ್ದಲ್ಲ. ನಿಂಗೆ ಉಸಿರು ಸಾಲ್ತಿಲ್ಲ."

"ಚಳಿ ಅಂತ ನಾನೆಲ್ಲಿ ಅಂದೆ? ಬಣ್ಣ ಹಚ್ಚು."

"ಈಗ್ಲೇ ಆಸ್ಪತ್ರೆಗೆ ಹೋಗ್ಬರೋಣ. ಇವತ್ತು ಡಾಕ್ಟರು ಇರ್ತಾರೆ."

"ಹೋದ್ರೆ ಮಲಗಿಸ್ಕೋತಾರೆ. ಹಬ್ಬದ ಎರಡನೇ ದಿನ ಬೀಗರು ಬಂದಾಗ ಎದುರಿಗೆ ಯಾರು ಕೂರ್ತಾರೆ? ನೀನಾ? ಜನ ಕಂಡ್ರೆ ಅಡುಗೆಮನೆ ಸೇರ್ಕೊಳ್ಳೋಳು."

ಲುವಾ ನಗಲಿಲ್ಲ. ಅಣ್ಣ ಖಾಂಗ್‌ಗೆ ಮೂವತ್ನಾಲ್ಕು. ಹುಡುಗಿಯ ಕಡೆಯವರು ಬಂದು ಮದುವೆಗೆ ದಿನ ಗೊತ್ತುಮಾಡುವುದೆಂದು ಮಾತಾಗಿತ್ತು. ಗಂಡಿನ ತಾಯಿಗೆ ಹೀಗಾಗಿದೆಯೆಂದು ತಿಳಿದರೆ ಅವರು ಹಿಂದೆ ಸರಿಯುತ್ತಾರೆ. ತಾಯಿ ಸತ್ತರೆ ಮಗ ಮೂರು ವರ್ಷ ಸೂತಕ ಹಿಡಿಯಬೇಕು, ಅಲ್ಲಿಯವರೆಗೆ ಮದುವೆಯ ಮಾತೆತ್ತುವಂತಿಲ್ಲ.

"ನಿಮ್ಮಣ್ಣಂಗೂ ಹೇಳ್ಬೇಡ," ಅಮ್ಮ ಉಸಿರು ಎಳೆದುಕೊಂಡಳು. "ಹೇಳಿದ್ರೆ ಮದುವೇನೇ ಬೇಡ ಅಂತಾನೆ. ಅಷ್ಟು ದಡ್ಡ ಅವನು."

ಲುವಾ ಮೊದಲು ಬಿಳಿ ಬಣ್ಣ ಎಳೆದಳು, ನೀಲಿ ಇಣುಕದ ಹಾಗೆ. ದೀಪದ ಡಬ್ಬಿಯೊಳಗೆ ಅಮ್ಮನ ಕೈ ಇಡಿಸಿ ಬಣ್ಣ ಒಣಗಿಸಿ ಗಟ್ಟಿ ಮಾಡಿದಳು. ಅದರ ಮೇಲೆ ಕೆಂಪು, ಎರಡು ಸಲ. ಆಮೇಲೆ ಎಳೆಯಂಥ ಕುಂಚದಲ್ಲಿ ಐದೈದು ಎಸಳು. ಹಬ್ಬಕ್ಕೆ ಸರಿಯಾಗಿ ಹೂ ಬಿಡಲೆಂದು ಬಾಗಿಲ ಮುಂದಿನ ಮಾಯ್ ಗಿಡದ ಎಲೆ ಕೀಳುವುದು ಪ್ರತಿ ವರ್ಷ ಅಮ್ಮನ ಕೆಲಸ. ಈ ವರ್ಷ ಒಂದು ಕೊಂಬೆ ಮುಗಿಸುವಷ್ಟರಲ್ಲಿ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ಉಳಿದದ್ದನ್ನು ಲುವಾ ಕಿತ್ತಿದ್ದಳು.

"ದಪ್ಪ ಹಚ್ಚು. ಹದಿನೈದು ದಿನ ಬಣ್ಣ ಏಳಬಾರ್ದು."

"ತಿಂಗಳು ಇರತ್ತೆ," ಅಂದಳು ಲುವಾ.

ಹಬ್ಬದ ಎರಡನೇ ದಿನ ಬೀಗಿತ್ತಿ ಅಮ್ಮನ ಕೈ ಹಿಡಿದು ತಿರುಗಿಸಿ ನೋಡಿದಳು. "ಇದೇನ್ರಕ್ಕ, ಮದುವಣಗಿತ್ತಿ ನೀವೋ ನನ್ನ ಮಗಳೋ?" ಎಲ್ಲರೂ ನಕ್ಕರು. ಅಮ್ಮನೂ ನಕ್ಕು, ಕೆಮ್ಮನ್ನು ಚಹದ ಜೊತೆ ನುಂಗಿಕೊಂಡಳು. ಮೂರನೇ ತಿಂಗಳ ಹತ್ತಕ್ಕೆ ಮದುವೆ ಎಂದಾಯಿತು. ಪರದೆಯ ಹಿಂದೆ ಬಾಳೆಲೆಯ ಕಡುಬು ಕತ್ತರಿಸುತ್ತಿದ್ದ ಲುವಾಗೆ ಎಲ್ಲ ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ನೀರಿನ ಜಾಡಿಯ ಪಕ್ಕ ಕುಸಿದಳು.

ಆಸ್ಪತ್ರೆಯಲ್ಲಿ ನರ್ಸ್ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿದಳು. ಅಂಕಿ ಮೂಡಲಿಲ್ಲ. ಪಕ್ಕದ ಬೆರಳಿಗೆ ಹಾಕಿದರೂ ಇಲ್ಲ. ಅದನ್ನು ಕಿವಿಗೆ ಸಿಕ್ಕಿಸುತ್ತ ಕೇಳಿದಳು: "ಇಷ್ಟು ದಪ್ಪ ಯಾರಮ್ಮ ಬಳಿದಿದ್ದು? ಡಾಕ್ಟರು ಉಗುರು ನೋಡ್ಬೇಕು. ತೆಗೀರಿ."

ಲುವಾಳ ಚೀಲದಲ್ಲಿ ಅರ ಯಾವಾಗಲೂ ಇರುತ್ತಿತ್ತು. ಅವಳು ಮಂಚದ ಪಕ್ಕ ಮೊಣಕಾಲೂರಿ ಉಜ್ಜತೊಡಗಿದಳು. ಎಸಳುಗಳು ಹಳದಿ ಪುಡಿಯಾಗಿ ಹಾಸಿಗೆಯ ಮೇಲೆ ಉದುರಿದವು. ಆಮೇಲೆ ಕೆಂಪು ಪುಡಿ, ಆಮೇಲೆ ಬಿಳಿ. ಬಿಳಿಯ ಕೆಳಗೆ ಉಗುರು ಕಾಣಿಸಿತು. ಕಂದುನೇರಳೆಯಾಗಿತ್ತು.

ಪಕ್ಕದಲ್ಲಿ ನಿಂತಿದ್ದ ಖಾಂಗ್ ಬಗ್ಗಿ ನೋಡಿದ. "ಇದು ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವಳು ಉಜ್ಜುತ್ತಲೇ ಇದ್ದಳು. ನರ್ಸ್ ಅಂಕಿ ಕಾಣದೆ ಕಿವಿಯ ಕ್ಲಿಪ್ಪನ್ನು ಎರಡು ಸಲ ತೆಗೆದು ಹಾಕಿದಳು, ಯಾರನ್ನೋ ಕೂಗುತ್ತ ಹೊರಗೆ ಓಡಿದಳು. ಲುವಾ ಕಿರುಬೆರಳನ್ನೂ ಮುಗಿಸಿದಳು. ಆ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು, ಪುಡಿ ಊದಿದಳು. ಅಮ್ಮನ ಉಸಿರಿನ ಸದ್ದು ನಿಂತಿತ್ತು.

"ಅಮ್ಮ, ಆ ಕೈನೂ ಕೊಡು."