ಮೊಣಕಾಲೆತ್ತರದ ಪೈಪು

ಬ್ಯಾಟರಾಯಪ್ಪ ಚನ್ನಕ್ಕನ ಎರಡೂ ಕಾಲಿನ ಹೆಬ್ಬೆರಳು ಜೋಡಿಸಿ ಬಿಳಿ ದಾರ ಸುತ್ತಿ ಗಂಟು ಹಾಕಿದ. ಉಳಿದ ದಾರವನ್ನು ಹಲ್ಲಲ್ಲಿ ಕಚ್ಚಿ ಹರಿಯುವಷ್ಟರಲ್ಲಿ ಗೋಪಾಲಮ್ಮ ಅವನ ಕೈ ಹಿಡಿದಳು.

"ಬ್ಯಾಡ ಕಣಣ್ಣ. ಅವಳ ಕಾಲು ಕಟ್ಟಬ್ಯಾಡ."

"ನಿಂಗೇನಾಯ್ತಮ್ಮ? ಇದೇನು ನಾನು ಕಂಡುಹಿಡಿದ ಶಾಸ್ತ್ರವಾ? ನಮ್ಮಪ್ಪಂಗೂ ಕಟ್ಟಿದ್ದೆ. ನಾಳೆ ನಿಂಗೂ ಕಟ್ತೀನಿ."

"ನಿನ್ನ ಕೆಮ್ಮು ನೋಡಿದ್ರೆ ಮೊದಲು ನಿಂಗೇ ಕಟ್ಟೋ ಹಂಗೆ ಕಾಣ್ತದೆ."

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡರು. ಎಲ್ಲರೂ ಚನ್ನಕ್ಕನ ಮಗನ ಕಡೆ ನೋಡಿದರು. ಪಿಳ್ಳಣ್ಣ ಬೆಂಕಿ ಮಡಕೆಗೆ ಬೆರಣಿ ಮುರಿದು ಹಾಕುತ್ತ ಕೂತ. ಹತ್ತು ದಿನದ ಹಿಂದೆಯೂ ಅವನು ಹೀಗೇ ಸುಮ್ಮನಿದ್ದ. 

*

ಪಿಳ್ಳಣ್ಣನಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಯಲಹಂಕದಲ್ಲಿ ನಾಲ್ಕಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಚನ್ನಕ್ಕ ಜಲ್ಲಿ ಹೊರುತ್ತಿದ್ದಳು. "ಕೂಸು ಬೇಕಂದ್ರೆ ಮನೇಲಿರು, ಕೂಲಿ ಬೇಕಂದ್ರೆ ಬಾ," ಎಂದಿದ್ದ ಮೇಸ್ತ್ರಿ. ಹಿಂದಿನ ವಾರವಷ್ಟೇ ಇನ್ನೊಬ್ಬಳ ಕೂಸು ನೀರಿನ ತೊಟ್ಟಿಗೆ ಬಿದ್ದು ಸತ್ತಿತ್ತು. ಚನ್ನಕ್ಕ ಹಗ್ಗದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಮಗನ ಎಡಗಾಲಿಗೂ ಕಟ್ಟಿ ಬಾಂಡ್ಲಿ ತಲೆಗೇರಿಸಿದಳು. ಮಗನಿಗೆ ಮೂರು ತುಂಬುವವರೆಗೂ ಹೀಗೇ ನಡೆಯಿತು. ಕಟ್ಟಡಗಳು ಬದಲಾದವು, ಕಂಬಗಳು ಬದಲಾದವು, ಹಗ್ಗ ಅದೇ. ಎಳೆದೂ ಎಳೆದೂ ಅವನ ಎಡಪಾದ ಒಳಕ್ಕೆ ಹೊರಳಿಕೊಂಡಿತು.

ಕೆಲಸದ ಜಾಗದಲ್ಲಿ ಕೂಸುಗಳಿಗೆ ಒಂದು ನೆರಳು ಮಾಡಿಕೊಡಬೇಕೆಂದು ಕಾನೂನಿನಲ್ಲಿ ಬರೆದಿತ್ತಂತೆ. ಕಾನೂನು ಓದಿದವರು ಕಟ್ಟಡ ಏಳುವಾಗ ಯಾರೂ ಬರಲಿಲ್ಲ. ಗೃಹಪ್ರವೇಶಕ್ಕೆ ಬಂದರು.

*

ಸೊಂಟ ಬಿದ್ದ ಮೇಲೆ ಚನ್ನಕ್ಕ ಕೋಗಿಲಿನ ತನ್ನ ಶೀಟಿನ ಮನೆಯಲ್ಲಿ ಕೂಲಿಯವರ, ಅಪಾರ್ಟ್‌ಮೆಂಟು ಗುಡಿಸುವವರ ಕೂಸುಗಳನ್ನು ನೋಡಿಕೊಳ್ಳಲು ಕೂತಳು. ಜೊತೆಗೆ ಗೆಳತಿ ಗೋಪಾಲಮ್ಮ. ಪ್ಲಂಬರ್ ಕೆಲಸ ಕಲಿತಿದ್ದ ಮಗನಿಗೆ, ಮುಂದಿನ ಕೋಣೆಯ ಗೋಡೆಗುಂಟ ಮೊಣಕಾಲೆತ್ತರಕ್ಕೆ ಪೈಪು ಹಾಕು ಎಂದಳು.

"ಇದಕ್ಕೆ ನೀರು ಎಲ್ಲಿಂದ ಬರ್ತದಮ್ಮ?"

"ನೀರು ಬರಲ್ಲ. ಕೂಸು ಬರ್ತದೆ."

ಬಂದವು. ನಿದ್ದೆ ಹೊತ್ತು ಬಿಟ್ಟರೆ ಆ ಮನೆಯಲ್ಲಿ ಜೋಲಿ ಇಲ್ಲ. ಕೂಸನ್ನು ಬೋರಲು ಮಲಗಿಸಿ, ಕೈಗೆ ಎಟುಕದಷ್ಟು ದೂರದಲ್ಲಿ ಹೊಳೆಯುವ ಲೋಟ ಇಡುವಳು. ಅದು ಮುಕ್ಕಿರಿದು, ಅತ್ತು, ತೆವಳಿ, ಲೋಟ ಮುಟ್ಟುವವರೆಗೂ ಯಾರೂ ಕೈ ಕೊಡಕೂಡದು. ಆಮೇಲೆ ಅಂಬೆಗಾಲು, ಆಮೇಲೆ ಪೈಪು ಹಿಡಿದು ಅಡ್ಡಡ್ಡ ಹೆಜ್ಜೆ. ಅಪಾರ್ಟ್‌ಮೆಂಟು ಗುಡಿಸುವ ಮುಸರ್ರತ್ ತನ್ನ ಮಗಳು ತಸ್ನೀಮಳಿಗೆಂದು ಗಾಲಿ ಇರುವ ಪ್ಲಾಸ್ಟಿಕ್ ವಾಕರ್ ತಂದಾಗ ಚನ್ನಕ್ಕ ಅದನ್ನು ಮೊಳೆಗೆ ತೂಗುಹಾಕಿ ಈರುಳ್ಳಿ ತುಂಬಿದಳು. "ನೆಲ ಬಿಟ್ಟು ಇನ್ಯಾವುದೂ ಕಾಲಿಗೆ ಬುದ್ಧಿ ಕಲಿಸಲ್ಲ ಕಣಮ್ಮ."

ತಸ್ನೀಮಳಿಗೆ ಹದಿನೈದು ತಿಂಗಳು. ಪೈಪು ಮೂಲೆಯಲ್ಲಿ ತಿರುಗುವ ಕಡೆ ಬಂದರೆ ಸಾಕು, ಕುಕ್ಕರಿಸಿ ಕೂತು ಅಳುವಳು.

ಹತ್ತು ದಿನದ ಹಿಂದೆ ಪಿಳ್ಳಣ್ಣ ಕೆಲಸ ಮುಗಿಸಿ ಬಂದಾಗ ಪಾದ ಊದಿತ್ತು. ಐದನೇ ಮಹಡಿಯ ನಲ್ಲಿ ರಿಪೇರಿ. ಲಿಫ್ಟು ಮಾತ್ರ ಅವನಂಥವರಿಗಲ್ಲವೆಂದು ಬೋರ್ಡು ಹಾಕಿದ್ದರು. ಚನ್ನಕ್ಕ ಎಣ್ಣೆ ತಿಕ್ಕುತ್ತ, ತಲೆ ಎತ್ತದೆ ಕೇಳಿದಳು: "ಪಿಳ್ಳ, ಆ ಹಗ್ಗ ನೋಯ್ತಿತ್ತೇನೋ?"

ಅವನು ಟೀವಿ ನೋಡುತ್ತ ಕೂತ. ಅವಳು ಕಾದಳು. ಆಮೇಲೆ ಎದ್ದು ತಟ್ಟೆ ಇಟ್ಟಳು. ನಿನ್ನೆ ಬೆಳಿಗ್ಗೆ ಚನ್ನಕ್ಕ ಚಾಪೆ ಬಿಟ್ಟು ಏಳಲೇ ಇಲ್ಲ.

*

ಗೋಪಾಲಮ್ಮ ಪಿಳ್ಳಣ್ಣನ ತೋಳು ಹಿಡಿದು ನೀರಿನ ಡ್ರಮ್ಮಿನ ಮರೆಗೆ ಎಳೆದಳು. "ಬಾಯಿ ಬಿಡೋ ಮಗಾ. ಬಿಚ್ಚು ಅನ್ನು. ಮಗ ಹೇಳಿದ್ರೆ ನಿನ್ನ ಚಿಕ್ಕಪ್ಪ ಕೇಳ್ತಾನೆ."

"ನಾನ್ಯಾವ ಬಾಯಲ್ಲಿ ಹೇಳ್ಲಿ ಅತ್ತೆ? ಹಗ್ಗ ನೋಯ್ತಿತ್ತಾ ಅಂತ ಕೇಳಿದ್ಲು. ನಾನು ಒಂದು ಮಾತೂ ಆಡ್ಲಿಲ್ಲ. ಅದೇ ಕೊರಗಲ್ಲಿ ಹೋಗ್ಬಿಟ್ಲು."

"ಯಾರು, ಚನ್ನಕ್ಕನಾ? ಕೊರಗಾ?" ಗೋಪಾಲಮ್ಮ ಅವನ ಮುಖವನ್ನೇ ನೋಡಿದಳು. "ಮಾರನೇ ದಿನ ಕಸ ಗುಡಿಸೋಕೂ ಬಿಡದೆ ಹೇಳಿದ್ಲಲ್ಲೋ. 'ಕೇಳೇಬಿಟ್ಟೆ ಕಣೇ. ಬೈತಾನೆ ಅಂತ ಕಾದೆ. ಬೈಲಿಲ್ಲ. ಎರಡು ಸಲ ಸಾರು ಹಾಕಿಸ್ಕೊಂಡು ಉಂಡ' ಅಂತ. ಆವತ್ತು ಕೂಸುಗಳ ಜೊತೆ ತಾನೂ ಅಂಬೆಗಾಲು ಹಾಕಿದ್ಲು ಆ ಮುದುಕಿ. ಎತ್ತಿ ಕೂರಿಸೋಷ್ಟರಲ್ಲಿ ನನ್ನ ಸೊಂಟ ಬಿದ್ದೋಯ್ತು."

ಪಿಳ್ಳಣ್ಣ ಡ್ರಮ್ಮಿನ ಅಂಚು ಹಿಡಿದುಕೊಂಡ. ಬಸ್ಸಾರು. ಹೌದು, ಎರಡು ಸಲ. ಅವನಿಗೆ ನಗು ಬಂತು. ನಗುವಿನ ಹಿಂದೆಯೇ, ನಿನ್ನೆಯಿಂದ ಬಾರದೆ ಇದ್ದ ಅಳು ಧಾರಾಳವಾಗಿ ಬಂತು. ಗೋಪಾಲಮ್ಮ ಸೆರಗಿನ ತುದಿ ಕೊಟ್ಟು ಅತ್ತ ತಿರುಗಿ ನಿಂತಳು.

ಮುಖ ಒರೆಸಿಕೊಂಡು ಬಂದವನೇ ತಾಯಿಯ ಕಾಲ ಬಳಿ ಕೂತು ದಾರದ ಗಂಟಿಗೆ ಉಗುರು ಹಾಕಿದ.

"ಅದನ್ನ ಸ್ಮಶಾನದಲ್ಲಿ ಬಿಚ್ಚೋದು ಕಣಪ್ಪ," ಎಂದ ಬ್ಯಾಟರಾಯಪ್ಪ.

"ಗೊತ್ತು ಚಿಕ್ಕಪ್ಪ. ನಾನು ಸ್ವಲ್ಪ ಬೇಗ ಬಿಚ್ತಾ ಇದೀನಿ, ಅಷ್ಟೇ."

ದಾರ ಸಡಿಲಾಯಿತು. ಅವನು ಬಗ್ಗಿ ಮೆಲ್ಲಗೆ ಹೇಳಿದ: "ನೋವು ನೆನಪಿಲ್ಲ ಕಣಮ್ಮ. ಊಟದ ಹೊತ್ತಿಗೆ ಬಂದು ಬಿಚ್ತಿದ್ದೆಯಲ್ಲ, ಅದು ನೆನಪದೆ."

ಚಟ್ಟವನ್ನು ಅಂಗಳದಲ್ಲಿ, ಕೂಸುಗಳು ಗಂಜಿ ಉಣ್ಣುವ ಗಿಡ್ಡ ಬೆಂಚುಗಳ ಮೇಲೆ ಇಟ್ಟಿದ್ದರು. ಚನ್ನಕ್ಕನನ್ನು ಅದರ ಮೇಲೆ ಮಲಗಿಸಿದರು. ಹೂವು ಹಾಕಲೆಂದು ಮುಸರ್ರತ್ ಮಗಳನ್ನು ಕೆಳಗಿಳಿಸಿದಳು. ತಸ್ನೀಮ್ ತೆವಳಿ ಹೋಗಿ ಚಟ್ಟದ ಬಿದಿರು ಹಿಡಿದಳು. ಸರಿಯಾಗಿ ಅವಳ ಎತ್ತರ. ಎದ್ದು ನಿಂತಳು.

"ಯಾ ಅಲ್ಲಾ," ಎಂದು ಮುಸರ್ರತ್ ಮುಂದೆ ಬಂದಳು.

"ಹೆಣದ ಹತ್ರ ಕೂಸ್ಯಾಕೆ? ಎತ್ತಮ್ಮ," ಎಂದ ಬ್ಯಾಟರಾಯಪ್ಪ.

"ಎತ್ತಬ್ಯಾಡಿ," ಎಂದ ಪಿಳ್ಳಣ್ಣ. "ಯಾರೂ ಕೈ ಕೊಡಬ್ಯಾಡಿ."

ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ನೆಟ್ಟಗಾದರು. ತಸ್ನೀಮ್ ಅಡ್ಡಡ್ಡ ಹೆಜ್ಜೆ ಇಡುತ್ತ ಚನ್ನಕ್ಕನ ಸೊಂಟ ದಾಟಿದಳು, ಮೊಣಕಾಲು ದಾಟಿದಳು. ಬಿದಿರು ಮುಗಿಯುವ ಮೂಲೆಗೆ ಬಂದು ನಿಂತು ತುಟಿ ಉಬ್ಬಿಸಿದಳು. ಮಡಕೆಯ ಹೊಗೆ ಪಿಳ್ಳಣ್ಣನ ಕಣ್ಣಿಗೆ ಬಡಿಯುತ್ತಿತ್ತು, ಅವನು ಕದಲಲಿಲ್ಲ. ಕೂಸು ಒಂದು ಕೈ ಬಿಟ್ಟಿತು, ಗಾಳಿಯಲ್ಲಿ ತಡಕಾಡಿತು, ಚನ್ನಕ್ಕನ ಕಾಲಿನ ಹೆಬ್ಬೆರಳು ಸಿಕ್ಕಿತು. ಅದನ್ನು ಗಟ್ಟಿಯಾಗಿ ಹಿಡಿದು ಮೂಲೆ ತಿರುಗಿತು.